ಅಣ್ಣಂದಿರ ಮನೆಯ ಹೆಂಗಸರು

ಮಾರಿಯೊ ಪೂಜೊ 1969ರಲ್ಲಿ ಬರೆದ ‘ಗಾಡ್‌ಫಾದರ್’ ಮದುವೆಮನೆಯಲ್ಲಿ ಶುರುವಾಗುತ್ತದೆ ಎಂದು ಸಿನಿಮಾ ನೋಡಿದವರು ಹೇಳುತ್ತಾರೆ. ಕಾದಂಬರಿ ಓದಿದವರಿಗೆ ಗೊತ್ತು, ಅದು ಶುರುವಾಗುವುದು ಕೋರ್ಟಿನಲ್ಲಿ. ಹೆಣಗಳನ್ನು ಅಂತ್ಯಸಂಸ್ಕಾರಕ್ಕೆ ಅಣಿಗೊಳಿಸುವ ಕಸುಬಿನ ಬೋನಸೆರಾ ಎಂಬ ಮರ್ಯಾದಸ್ಥ, ತನ್ನ ಮಗಳನ್ನು ಹೊಡೆದು ಮುಖ ಕೆಡಿಸಿದ ಇಬ್ಬರು ಹುಡುಗರಿಗೆ ಶಿಕ್ಷೆಯಾದೀತೆಂದು ಕಾದು ಕುಳಿತಿದ್ದಾನೆ. ನ್ಯಾಯಾಧೀಶರು ಶಿಕ್ಷೆ ವಿಧಿಸಿ, ಮರುಕ್ಷಣವೇ ಅದನ್ನು ಅಮಾನತಿನಲ್ಲಿಟ್ಟು ಹುಡುಗರನ್ನು ಮನೆಗೆ ಕಳಿಸಿಬಿಡುತ್ತಾರೆ. ಅಲ್ಲಿಂದ ಎದ್ದವನು ನೇರ ಡಾನ್ ಕಾರ್ಲಿಯೋನೆಯ ಮಗಳ ಮದುವೆಗೆ ಬರುತ್ತಾನೆ. ಡಾನ್ ಅವನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮುಂದೆಂದಾದರೂ ಒಂದು ದಿನ ನಾನು ನಿನ್ನನ್ನು ಏನಾದರೂ ಕೇಳಬಹುದು, ಆಗ ಇಲ್ಲವೆನ್ನಬೇಡ ಎನ್ನುತ್ತಾನೆ, ಅಷ್ಟೆ.

ನನಗೆ ಆ ಪುಸ್ತಕದಲ್ಲಿ ಹಿಡಿಸಿದ್ದು ಈ ಮೊದಲ ಪುಟಗಳೇ. ಆಮೇಲಿನ ಗುಂಡಿನ ಕಾಳಗ, ಐದು ಮನೆತನಗಳ ಪೈಪೋಟಿ ಎಲ್ಲವೂ ರೋಚಕವಾಗಿಯೇ ಇದೆ, ಕೆಳಗಿಡಲು ಮನಸ್ಸು ಬರುವುದಿಲ್ಲ. ಆದರೆ ಪಾತಕಿಗಳ ಕಥೆ ಪಾತಕಿಯಿಂದ ಶುರುವಾಗದೆ ನಮ್ಮ ನಿಮ್ಮಂಥ ಒಬ್ಬ ಗೃಹಸ್ಥನಿಂದ ಶುರುವಾಗುತ್ತದೆಯಲ್ಲ, ಅದು ಸಣ್ಣ ಮಾತಲ್ಲ. ಆ ಗೃಹಸ್ಥ ಇಷ್ಟು ದಿನ ಡಾನ್‌ನ ಮನೆಯ ಕಾಫಿಗೂ ಹೋಗದೆ ದೂರ ಇದ್ದವನು. ದೂರ ಇದ್ದದ್ದು ಒಳ್ಳೆಯತನದಿಂದಲೋ, ಭಯದಿಂದಲೋ ಎಂಬುದನ್ನು ಪೂಜೊ ನಮಗೇ ಬಿಡುತ್ತಾನೆ.

ಇಂಥ ಕಥೆಗಳನ್ನು ಓದುವ ಹೆಂಗಸರನ್ನು ಜನ ಒಂದು ಥರಾ ನೋಡುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ತ್ರಿವೇಣಿಯವರನ್ನೋ, ಎಂ. ಕೆ. ಇಂದಿರಾ ಅವರನ್ನೋ ಹಿಡಿದು ಕೂತರೆ ಯಾರೂ ಕೇಳುವುದಿಲ್ಲ. ‘ದಾದಾಗಿರಿಯ ದಿನಗಳು’ ಹಿಡಿದು ಕೂತರೆ, “ಏನ್ ಮೇಡಂ, ಕಾಲ ಕೆಟ್ಟೋಯ್ತಾ?” ಎಂದು ಮೇಷ್ಟ್ರುಗಳಿಗೆ ನಗು. ಆದರೆ ನೋಡಿ, ಅಧಿಕಾರ ಯಾರ ಕೈಯಲ್ಲಿರಬೇಕು, ದುಡ್ಡು ಯಾರ ಪೆಟ್ಟಿಗೆಗೆ ಹೋಗಬೇಕು, ಯಾರು ಯಾರಿಗೆ ಎಷ್ಟು ದಿನ ನಿಷ್ಠರಾಗಿರಬೇಕು ಎಂಬುದರ ಬಗ್ಗೆ ಕೂಡುಕುಟುಂಬದಲ್ಲಿ ಹತ್ತು ವರ್ಷ ಬಾಳಿದ ಹೆಂಗಸಿಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ? ಕಾರ್ಲಿಯೋನೆಯ ಹಿರಿಯ ಮಗ ಸನ್ನಿ ಹೊರಗಿನವನ ಎದುರು ಅಪ್ಪನ ಮಾತಿಗೆ ಅಡ್ಡ ಬಾಯಿ ಹಾಕುತ್ತಾನೆ. ಆ ಒಂದು ಮಾತಿನಿಂದ ವೈರಿಗೆ ಮನೆಯೊಳಗಿನ ಬಿರುಕು ಕಾಣಿಸಿ, ಅಪ್ಪನಿಗೇ ಗುಂಡು ಬೀಳುತ್ತದೆ. ಅದನ್ನು ಓದುವಾಗ ಇಟಲಿ, ಅಮೆರಿಕ ಎಂದೇನೂ ಅನ್ನಿಸುವುದಿಲ್ಲ. ನಮ್ಮ ಅತ್ತೆ ಇದ್ದಿದ್ದರೆ ಎರಡನೆಯ ಪುಟದಲ್ಲೇ ಮುಂದಿನದನ್ನು ಹೇಳಿಬಿಡುತ್ತಿದ್ದರು.

ಪಾತಕಿಗಳ ಗುಂಪನ್ನು ಮನೆತನ, ಕುಟುಂಬ ಎಂದು ಯಾಕೆ ಕರೆಯುತ್ತಾರೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ತೋರಿದ ಉತ್ತರ ಇದು. ನಮ್ಮ ಕೊಳ್ಳೇಗಾಲದಲ್ಲಿ ರೇಷ್ಮೆ ವ್ಯಾಪಾರ ಮಾಡುವವನಿಗೆ ಯಾರಾದರೂ ದುಡ್ಡು ಕೊಡದೆ ಕೈ ಎತ್ತಿದರೆ ಅವನು ಚೆಕ್ಕು ಹಿಡಿದು ಕೋರ್ಟಿಗೆ ಹೋಗಬಹುದು, ಊರಿನ ಯಜಮಾನರನ್ನು ಕೂಡಿಸಿ ನ್ಯಾಯ ಹೇಳಿಸಬಹುದು. ಕಳ್ಳ ಮಾಲು ಮಾರುವವನು ಎಲ್ಲಿಗೆ ಹೋಗುತ್ತಾನೆ? ಅವನಿಗೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಛಾಪಾಕಾಗದವಿಲ್ಲ. ಹಾಗಾಗಿ ರಕ್ತಸಂಬಂಧವೇ ಛಾಪಾಕಾಗದ. ಅದು ಸಾಲದೆ ಬಂದರೆ ಮದುವೆ ಮಾಡಿ ನೆಂಟಸ್ತನ ಬೆಳೆಸುತ್ತಾರೆ, ಅದೂ ಸಾಲದಿದ್ದರೆ ದೇವರ ಮುಂದೆ ಆಣೆ, ಕೊನೆಗೆ ಕತ್ತಿ. ದನದ ಜಾತ್ರೆಯಲ್ಲಿ ದಳ್ಳಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರಲ್ಲ, ಹಾಗೆ ಈ ವ್ಯವಹಾರವೆಲ್ಲ ಟವೆಲಿನ ಕೆಳಗಿನದು. ಆ ಟವೆಲಿಗೆ ಕಥೆಗಾರರು ಇಟ್ಟ ಹೆಸರು ನಿಷ್ಠೆ.

ಈ ನಿಷ್ಠೆಗೆ ಹಳಗನ್ನಡದಲ್ಲಿ ಇರುವಷ್ಟು ಮಾತುಗಳು ಇಂಗ್ಲಿಷಿನಲ್ಲಿ ಇರಲಿಕ್ಕಿಲ್ಲ. ಒಡೆಯ ಹಾಕಿದ ಕಾಳಿಗೆ ಪ್ರಾಣ ಒಪ್ಪಿಸುವುದು ಜೋಳವಾಳಿ. ಒಡೆಯ ಸತ್ತ ವೇಳೆಗೆ ತಾನೂ ಸಾಯುತ್ತೇನೆಂಬ ವ್ರತ ವೇಳೆವಾಳಿ. ಒಡೆಯನ ಲೆಂಕನಾಗಿ ನಿಲ್ಲುವುದು ಲೆಂಕವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿನ ಒಂದು ಕಂಬದ ಮುಂದೆ ನಿಲ್ಲಿಸುತ್ತೇನೆ. ಇಮ್ಮಡಿ ವೀರಬಲ್ಲಾಳ ಸುಮಾರು 1220ರಲ್ಲಿ ತೀರಿಕೊಂಡಾಗ, ಅವನ ಗರುಡನಾದ ಕುವರಲಕ್ಷ್ಮ ತನ್ನನ್ನು ತಾನೇ ಬಲಿಕೊಟ್ಟುಕೊಂಡದ್ದಕ್ಕೆ ನಿಲ್ಲಿಸಿದ ಕಂಬ. ಗಂಡಸರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಚಿತ್ರಗಳು ಅದರಲ್ಲಿ ಕೆತ್ತಿವೆ. ಹುಡುಗರು ಬಾಯಿ ಬಿಟ್ಟು ನೋಡುತ್ತಾರೆ. ಲಕ್ಷ್ಮನ ಜೊತೆಗೆ ಅವನ ಹೆಂಡತಿಯೂ ಸತ್ತಳೆಂದು ಶಾಸನ ಹೇಳುತ್ತದೆ. ಅದನ್ನು ನಾನು ಹೇಳಿದಾಗ ಒಂದು ಸಲ ಒಬ್ಬ ಹುಡುಗಿ, “ಅವಳಿಗೂ ರಾಜ ಜೋಳ ಕೊಟ್ಟಿದ್ನಾ ಮಿಸ್?” ಎಂದು ಕೇಳಿದಳು. ಆ ಮಗುವಿನ ಪ್ರಶ್ನೆಯನ್ನೇ ಹಿಡಿದುಕೊಂಡು ನಾನು ಆಮೇಲೆ ಈ ಕಥೆಗಳನ್ನೆಲ್ಲ ಓದಿದ್ದೇನೆ, ನೋಡಿದ್ದೇನೆ.

ಕನ್ನಡದಲ್ಲಿ ಈ ಬಗೆಯ ಕಥೆಗೆ ಮನೆತನಗಳಿಲ್ಲ, ಇರುವುದು ‘ಅಣ್ಣ’ಂದಿರು ಮತ್ತು ‘ಹುಡುಗರು’. ಮುಂಬೈಯಲ್ಲಿ ಭಾಯಿ, ನಮ್ಮಲ್ಲಿ ಅಣ್ಣ. 1995ರಲ್ಲಿ ಉಪೇಂದ್ರ ನಿರ್ದೇಶಿಸಿ ಶಿವರಾಜಕುಮಾರ್ ನಟಿಸಿದ ‘ಓಂ’ ಬಂದಾಗ ಇಡೀ ನಾಡು ಅದರ ಹಿಂದೆ ಹೋಯಿತು. ಪೂಜೆ ಮಾಡುವ ಮನೆತನದ ಹುಡುಗ ಪ್ರೀತಿಯ ಗೊಂದಲದಲ್ಲಿ ಸಿಕ್ಕು ರೌಡಿಯಾಗುವ ಕಥೆ. ಬೆಂಗಳೂರಿನ ಭೂಗತಲೋಕದಲ್ಲಿ ನಿಜವಾಗಿಯೂ ಹೆಸರಿದ್ದ ಕೆಲವರು ಅದರಲ್ಲಿ ಪಾತ್ರ ಮಾಡಿದ್ದರು ಎಂಬುದೇ ಆಗ ದೊಡ್ಡ ಸುದ್ದಿ. ಕಥೆಯನ್ನು ಹಿಂದು ಮುಂದು ಮಾಡಿ ಹೇಳುವ ಜಾಣತನ ಅದರಲ್ಲಿತ್ತು, ಒಪ್ಪುತ್ತೇನೆ. ಆದರೆ ಹುಡುಗ ಕೆಡಲು ಒಂದು ಹುಡುಗಿ ಕಾರಣ, ಸರಿಹೋಗಲೂ ಅವಳೇ ಹೊಣೆ ಎಂಬ ಹಳೆಯ ಲೆಕ್ಕವನ್ನು ಅದು ಹೊಸ ಬಣ್ಣ ಬಳಿದು ಮತ್ತೆ ನಮ್ಮ ಮುಂದೆ ಇಟ್ಟಿತು. ನಡುವೆ ಕತ್ತಿ ಹಿಡಿದವನ ಕೈಗೆ ಏನೂ ಹೊಣೆಯಿಲ್ಲ!

ಇದಕ್ಕಿಂತ ಬಹಳ ಗಟ್ಟಿಯಾದದ್ದು ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’. ಅದು ಆತ್ಮಕಥನ, ಕಾದಂಬರಿಯಲ್ಲ. ಆದರೆ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಎಪ್ಪತ್ತು ಎಂಬತ್ತರ ದಶಕಗಳ ಬೆಂಗಳೂರು, ಅಲ್ಲಿನ ಎಂ. ಪಿ. ಜಯರಾಜ್, ಕೊತ್ವಾಲ್ ರಾಮಚಂದ್ರ, ಇಬ್ಬರ ಕಡೆಯ ಹುಡುಗರು, 1986ರಲ್ಲಿ ಕೊತ್ವಾಲನ ಕೊಲೆ, 1989ರಲ್ಲಿ ಜಯರಾಜನ ಕೊಲೆ. ಒಳಗಿದ್ದವರೇ ಬರೆದದ್ದಾದ್ದರಿಂದ ಇದರಲ್ಲಿ ಹಿನ್ನೆಲೆ ಸಂಗೀತವಿಲ್ಲ. ಹೆದರಿಕೆ ಇದೆ, ಬೇಸರವೂ ಇದೆ. ಒಂದು ಕೊಲೆಗೆ ಎಷ್ಟು ದಿನ ಸುಮ್ಮನೆ ಕಾದು ಕೂರಬೇಕು ಎಂಬುದನ್ನು ಸಿನಿಮಾದವರು ಎಂದೂ ತೋರಿಸುವುದಿಲ್ಲ.

ಇದನ್ನು ಆಧರಿಸಿ 2007ರಲ್ಲಿ ಕೆ. ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ ಬಂತು. ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈಯೂ ಇತ್ತು. ನಮ್ಮ ಭಾಷೆಯಲ್ಲಿ ಈ ವಿಷಯದ ಮೇಲೆ ಬಂದ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಇದೇ ಉತ್ತಮ. ಕಾರಣ ಲಾಂಗು ಮಚ್ಚುಗಳಲ್ಲ. ಇಲ್ಲೂ ಒಬ್ಬ ಬೋನಸೆರಾ ಇದ್ದಾನೆ. ಅನುಕೂಲಸ್ಥ ಮನೆಯ ಹುಡುಗನೊಬ್ಬ ಬೇರೆ ಜಾತಿಯ ಹುಡುಗಿಯನ್ನು ಪ್ರೀತಿಸುತ್ತಾನೆ. ಅದನ್ನು ಮುರಿಯಲು ಹುಡುಗನ ತಂದೆಯೇ ಕೊತ್ವಾಲನ ಸಹಾಯ ಕೇಳುತ್ತಾನೆ. ಒಂದು ಸಲ ಬಾಗಿಲು ತೆರೆದ ಮೇಲೆ ಒಳಗೆ ಬಂದವನನ್ನು ಹೊರಗೆ ಕಳಿಸುವುದು ಯಾರ ಕೈಯಲ್ಲಿದೆ? ಆ ಹುಡುಗಿಯನ್ನು ಉಳಿಸಿಕೊಳ್ಳಲು ಹುಡುಗ ಇನ್ನೊಂದು ಕಡೆಯ ಅಣ್ಣನ ಹತ್ತಿರ ಹೋಗಬೇಕಾಗುತ್ತದೆ. ಇಷ್ಟಕ್ಕೆಲ್ಲ ಮೂಲ ಏನು? ಜಾತಿ ಬಿಟ್ಟು ಸೊಸೆ ತರಬಾರದು ಎಂಬ ಒಬ್ಬ ಗೌರವಸ್ಥ ಯಜಮಾನನ ಹಟ. ಮಾಫಿಯಾ ಎಂದರೆ ಎಲ್ಲೋ ಕತ್ತಲಲ್ಲಿ ಇರುವುದಲ್ಲ, ನಮ್ಮ ನಡುಮನೆಯ ಮರ್ಯಾದೆಯ ಕೆಲಸಕ್ಕೇ ಅದನ್ನು ಕರೆಸಿಕೊಳ್ಳುತ್ತೇವೆ ಎಂದು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಕನ್ನಡ ಚಿತ್ರವನ್ನು ನಾನು ನೋಡಿಲ್ಲ. (ಅದೇ ಕಾಲದ ರಾಜಕೀಯದ ನಂಟನ್ನು 2022ರ ‘ಹೆಡ್ ಬುಷ್’ ತೋರಿಸಲು ಹೊರಟಿತು. ಜಯರಾಜನಾಗಿ ಧನಂಜಯ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅಣ್ಣನನ್ನು ಚಂದ ಕಾಣಿಸುವ ಆಸೆ ಆ ಚಿತ್ರವನ್ನು ನುಂಗಿತು.)

ಬೆಂಗಳೂರಿನ ಮಾತು ನಮಗ್ಯಾಕೆ ಎನ್ನಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದವರೊಬ್ಬರ ಮನೆಯನ್ನು ಬಾಡಿಗೆಯವರು ಬಿಟ್ಟುಕೊಡಲಿಲ್ಲ. ಬಾಡಿಗೆಯೂ ಇಲ್ಲ, ಮನೆಯೂ ಇಲ್ಲ. ಕೋರ್ಟಿಗೆ ಹೋದರೆ ಎಷ್ಟು ವರ್ಷವೋ ಎಂದು ಎಲ್ಲರೂ ಲೊಚಗುಟ್ಟುತ್ತಿದ್ದಾಗ ಒಬ್ಬಾಕೆ ಕಾಫಿ ಲೋಟ ಕೆಳಗಿಡುತ್ತ ತಣ್ಣಗೆ, “ಒಂದ್ ಮಾತು ಹೇಳಿಸೋಣ ಬಿಡಿ, ನಮ್ಮೋರ್ಗೆ ಗೊತ್ತಿರೋರು ಒಬ್ರವ್ರೆ” ಎಂದರು. ಯಾರಿಗೂ ಅದು ತಪ್ಪು ಎನ್ನಿಸಲಿಲ್ಲ. ‘ಮಾತು ಹೇಳಿಸುವುದು’ ಎಂಬುದು ಎಷ್ಟು ಮೆತ್ತಗಿನ ಮಾತು ನೋಡಿ. ಆ ಮನೆಯವರು ಹೇಳಿಸಲಿಲ್ಲ, ಅದು ಬೇರೆ. ನಾನು ಹೇಳುತ್ತಿರುವುದು ಆ ಕಾಫಿ ಲೋಟದ ಬಗ್ಗೆ.

ಇನ್ನು ದುಡ್ಡಿನ ವಿಷಯ. ಪೂಜೊನ ಕಾದಂಬರಿಯಲ್ಲಿ ದುಡ್ಡಿನ ಲೆಕ್ಕ ನಿಖರವಾಗಿದೆ. ಮಾದಕ ವಸ್ತುವಿನ ವ್ಯಾಪಾರಕ್ಕೆ ಡಾನ್ ಕೈ ಹಾಕುವುದಿಲ್ಲ. ಅದು ಪಾಪವೆಂದಲ್ಲ, ಅದಕ್ಕೆ ಇಳಿದರೆ ತಾನು ಸಾಕಿಕೊಂಡಿರುವ ರಾಜಕಾರಣಿಗಳು, ನ್ಯಾಯಾಧೀಶರು ಕೈಬಿಡುತ್ತಾರೆ ಎಂದು. ಒಬ್ಬ ವ್ಯಾಪಾರಿಯ ಹಾಗೆ ಅವನು ನಷ್ಟ ಲಾಭ ತೂಗುತ್ತಾನೆ. ನಮ್ಮ ಚಿತ್ರಗಳಲ್ಲಿ ಸೂಟ್‌ಕೇಸು ತುಂಬ ನೋಟು ಬರುತ್ತದೆ, ಯಾರೂ ಎಣಿಸುವುದಿಲ್ಲ. ಹುಡುಗರಿಗೆ ಸಂಬಳ ಎಷ್ಟು, ಜೈಲಿಗೆ ಹೋದವನ ಮನೆಗೆ ಅಕ್ಕಿ ಯಾರು ಹಾಕಿಸುತ್ತಾರೆ, ಸತ್ತವನ ಹೆಂಡತಿಗೆ ಎಷ್ಟು ತಿಂಗಳು ದುಡ್ಡು ಬರುತ್ತದೆ, ಯಾವ ತಿಂಗಳು ನಿಲ್ಲುತ್ತದೆ? ಇವು ಒಬ್ಬ ಹೆಂಗಸು ಮೊದಲು ಕೇಳುವ ಪ್ರಶ್ನೆಗಳು. ಬೀಡಿ ಕಟ್ಟಿಯೋ, ರೇಷ್ಮೆಗೂಡು ಬಿಡಿಸಿಯೋ ಮನೆ ನಡೆಸುವವಳು ನಿಷ್ಠೆಯನ್ನು ಅಳೆಯುವುದು ಹೀಗೆಯೇ. ಸಿನಿಮಾದಲ್ಲಿ ನಿಷ್ಠೆ ಎಂದರೆ ಗುಂಡಿಗೆ ಎದೆ ಕೊಡುವುದು. ಅದು ಒಂದು ಕ್ಷಣದ ಕೆಲಸ. ಎದೆ ಕೊಟ್ಟವನ ಮಕ್ಕಳ ಫೀಸು ಹತ್ತು ವರ್ಷದ ಕೆಲಸ.

ಈಗ ‘ಜೋಗಿ’ಗೆ ಬರುತ್ತೇನೆ. 2005ರಲ್ಲಿ ಪ್ರೇಮ್ ನಿರ್ದೇಶಿಸಿದ ಚಿತ್ರ, ಶಿವರಾಜಕುಮಾರ್ ಮಗ, ಅರುಂಧತಿ ನಾಗ್ ತಾಯಿ. ಮಾದೇಶ ಎಂಬ ನಾಯಕನ ಹೆಸರೇ ನಮ್ಮ ಕಡೆಯದು. ಏಳುಮಲೆಯ ಮಾದಪ್ಪನ ಹೆಸರು ಇಡದ ಮನೆ ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಹುಡುಕಬೇಕು. ನಮ್ಮ ತರಗತಿಯ ಹಾಜರಿಯಲ್ಲಿ ಒಂದೊಂದು ವರ್ಷ ನಾಲ್ಕು ಮಾದೇಶರಿರುತ್ತಾರೆ, ಇನಿಷಿಯಲ್ ಹಿಡಿದು ಕೂಗಬೇಕು. ಹಾಗಾಗಿ ಅದು ನಮ್ಮೂರಿನ ಟಾಕೀಸಿಗೆ ಬಂದಾಗ ಜನ ನಮ್ಮ ಹುಡುಗನ ಕಥೆ ಎಂದೇ ನೋಡಿದರು.

ಕಥೆ ನಿಮಗೆ ಗೊತ್ತಿರುತ್ತದೆ. ಹಳ್ಳಿಯ ಮುಗ್ಧ, ದುಡಿಯಲು ಬೆಂಗಳೂರಿಗೆ ಹೋದವನು, ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದವನು, ತನಗೇ ಗೊತ್ತಿಲ್ಲದೆ ಭೂಗತಲೋಕಕ್ಕೆ ಬೀಳುತ್ತಾನೆ. ಮಾದೇಶ ಹೋಗಿ ಜೋಗಿಯಾಗುತ್ತಾನೆ. ಮಗನನ್ನು ಹುಡುಕಿಕೊಂಡು ತಾಯಿ ಬೆಂಗಳೂರಿಗೆ ಬರುತ್ತಾಳೆ. ಅವಳಿಗೆ ಮಾದೇಶ ಬೇಕು, ಊರಿಗೆಲ್ಲ ಗೊತ್ತಿರುವುದು ಜೋಗಿ. ಇಬ್ಬರೂ ಒಂದೇ ಬೀದಿಯಲ್ಲಿ ಹಾದು ಹೋಗುತ್ತಾರೆ, ಕಾಣುವುದಿಲ್ಲ. ಕೊನೆಗೆ ತಾಯಿ ಸಾಯುತ್ತಾಳೆ. ಯಾರದೋ ಅನಾಥ ಹೆಣವೆಂದುಕೊಂಡು ಮಗ ಆ ಶವದ ಮುಂದೆ ತಮಟೆಯ ಏಟಿಗೆ ಕುಣಿಯುತ್ತಾನೆ.

ಈ ಕೊನೆಯ ದೃಶ್ಯವನ್ನು ಅತಿಭಾವುಕ ಎಂದು ತಳ್ಳಿಹಾಕಿದ ಜಾಣರು ಬಹಳ. ನಾನು ತಳ್ಳಿಹಾಕಲಾರೆ. ಇಡೀ ಚಿತ್ರದಲ್ಲಿ ಹೊಡೆದಾಟದ ದೃಶ್ಯಗಳು ಬಂದಾಗ ಶಿಳ್ಳೆ ಹೊಡೆದ ಹುಡುಗರು ಆ ಕುಣಿತಕ್ಕೂ ಮೊದಲು ಶಿಳ್ಳೆ ಹೊಡೆದರು. ಕುಣಿತ ಅಷ್ಟು ಚೆನ್ನಾಗಿದೆ. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಜೋಗಿಯಾಗಿ ಅವನು ಗಳಿಸಿದ ಹೆಸರು, ಹೆದರಿಕೆ, ಹಿಂದೆ ಮುಂದೆ ಓಡಾಡುವ ಹುಡುಗರು, ಇದಾವುದೂ ಅವನ ತಾಯಿಯನ್ನು ನೂರು ಗಜ ದೂರದಿಂದ ಕರೆತರಲು ಒದಗುವುದಿಲ್ಲ. ಬದಲಿಗೆ ಆ ಹೆಸರೇ ಅಡ್ಡ ನಿಲ್ಲುತ್ತದೆ. ಅಧಿಕಾರ ಎಂದರೆ ಏನೆಂದು ಇಷ್ಟು ಸರಳವಾಗಿ ಹೇಳಿದ ದೃಶ್ಯ ‘ಗಾಡ್‌ಫಾದರ್’ನಲ್ಲೂ ಒಂದೇ ಇದೆ. ಸನ್ನಿ ಗುಂಡೇಟಿಗೆ ಜರಡಿಯಾಗಿ ಸತ್ತ ರಾತ್ರಿ ಡಾನ್ ಆ ಬೋನಸೆರಾನ ಬಳಿ ಹೋಗುತ್ತಾನೆ. ಕೇಳಬಹುದು ಎಂದಿದ್ದನಲ್ಲ, ಅದನ್ನು ಕೇಳುವ ದಿನ. ಬೋನಸೆರಾ ಯಾರನ್ನು ಕೊಲ್ಲಿಸಲು ಬಂದನೋ ಎಂದು ನಡುಗುತ್ತಿದ್ದರೆ, ಮುದುಕ ಕೇಳುವುದು ಇಷ್ಟೇ: ತಾಯಿ ನೋಡುವ ಹಾಗೆ ಮಗನ ಮುಖ ಸರಿಮಾಡಿ ಕೊಡು.

ಎರಡೂ ಕಡೆ ತಾಯಿ ಇದ್ದಾಳೆ. ಆದರೆ ‘ಜೋಗಿ’ಯಲ್ಲಿ ತಾಯಿ ನಡೆಯುತ್ತಾಳೆ, ಹುಡುಕುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಾಳೆ, ಕಂಡಕಂಡವರನ್ನು ಕೇಳುತ್ತಾಳೆ. ಅರುಂಧತಿ ನಾಗ್ ಅದನ್ನು ಹಳ್ಳಿಯ ಹೆಂಗಸಿನ ನಡಿಗೆಯಲ್ಲೇ ಮಾಡಿದ್ದಾರೆ, ರಂಗಭೂಮಿಯ ಹಮ್ಮು ಎಲ್ಲೂ ಕಾಣಿಸುವುದಿಲ್ಲ. ನನಗೆ ಚಿತ್ರದ ಮೇಲೆ ಇರುವ ದೂರು ಬೇರೆ. ಅಷ್ಟು ನಡೆದ ತಾಯಿಗೆ ಒಂದು ಮಾತು ಹೇಳುವ ಅವಕಾಶ ಕೊಡಲಿಲ್ಲ. ಮಗ ಏನಾಗಿದ್ದಾನೆಂದು ತಿಳಿದು ಅವಳು ಅವನ ಎದುರು ನಿಂತಿದ್ದರೆ ಏನೆನ್ನುತ್ತಿದ್ದಳು? ಅಪ್ಪಿಕೊಳ್ಳುತ್ತಿದ್ದಳೋ, ಕೆನ್ನೆಗೆ ಬಾರಿಸುತ್ತಿದ್ದಳೋ, “ನೀನು ನನ್ನ ಮಗನಲ್ಲ” ಎನ್ನುತ್ತಿದ್ದಳೋ? ನಿರ್ದೇಶಕರು ಆ ಪರೀಕ್ಷೆಗೆ ಹೋಗದೆ ಅವಳನ್ನು ಸಾಯಿಸಿದರು. ಹೆಣದ ಮುಂದೆ ಅಳುವುದು ಸುಲಭ, ಬದುಕಿರುವ ತಾಯಿಗೆ ಉತ್ತರ ಕೊಡುವುದು ಕಷ್ಟ.

‘ಕೆ.ಜಿ.ಎಫ್.’ನ ತಾಯಿಗೆ ಮಾತಿದೆ. ಪ್ರಶಾಂತ್ ನೀಲ್ ಅವರ ಈ ಚಿತ್ರದ ಎರಡು ಭಾಗಗಳು 2018 ಮತ್ತು 2022ರಲ್ಲಿ ಬಂದು ದೇಶವನ್ನೇ ಗೆದ್ದವು. ಅದರಲ್ಲಿ ಬಡತನದಲ್ಲಿ ಸಾಯುವ ತಾಯಿ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ: ಹೇಗೆ ಬದುಕಿದರೂ ಸರಿ, ಸಾಯುವಾಗ ದೊಡ್ಡ ಸಿರಿವಂತನಾಗಿ, ಬಲಶಾಲಿಯಾಗಿ ಸಾಯಬೇಕು ಎಂದು. ಅಲ್ಲಿಂದ ಮುಂದೆ ಬೀಳುವ ಹೆಣಗಳೆಲ್ಲ ಆ ಮಾತಿನ ಖಾತೆಗೆ. ಆ ವರ್ಷ ಹತ್ತನೆಯ ತರಗತಿಗೆ ನಾನು ‘ನನ್ನ ಆದರ್ಶ ವ್ಯಕ್ತಿ’ ಎಂದು ಪ್ರಬಂಧ ಕೊಟ್ಟಿದ್ದೆ. ಮೂರು ಅಂಬೇಡ್ಕರ್, ಹಲವು ಅಬ್ದುಲ್ ಕಲಾಂ, ಒಬ್ಬ ರಾಕಿ. ಕರೆದು ಕೇಳಿದೆ. “ಅವ್ವುನ್ ಮಾತು ಉಳಿಸ್ಕಂಡ್ನಲ್ಲ ಮಿಸ್” ಎಂದ. ಕಾಗುಣಿತ ಒಂದೂ ತಪ್ಪಿರಲಿಲ್ಲ, ಹಾಗಾಗಿ ಅಂಕ ಕಡಿಮೆ ಕೊಡಲೂ ಆಗಲಿಲ್ಲ. ಅವನ ತಾಯಿ ಪೇರೆಂಟ್ಸ್ ಮೀಟಿಂಗಿಗೆ ಬಂದಾಗ ಇದನ್ನು ಹೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕು, “ಪಾಸಾಗು ಅಂದ್ರೆ ಆ ಮಾತ ಉಳಿಸ್ಕಳಕ್ಕಿಲ್ಲ ಕನಿ ಮೇಡಮ್ಮೋರೆ” ಎಂದಳು. ನಾಯಕನಿಗೆ ಹಿಂಸೆಯ ಪರವಾನಗಿ ಬೇಕು, ಅದಕ್ಕೆ ಸಾಯುವ ತಾಯಿಯ ಸಹಿ ಬೇಕು. ಚಿನ್ನದ ಗಣಿಯಲ್ಲಿ ನಿಜವಾಗಿ ದುಡಿದವರ, ಧೂಳು ಕುಡಿದು ಕೆಮ್ಮಿ ಸತ್ತವರ, 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಂದವರ ಮನೆಯ ತಾಯಂದಿರಿಗೆ ಆ ಎರಡು ಭಾಗಗಳಲ್ಲಿ ಸಿಕ್ಕ ಜಾಗ ಅಷ್ಟಕ್ಕಷ್ಟೆ.

ಮಂಗಳೂರಿನ ‘ಗರುಡ ಗಮನ ವೃಷಭ ವಾಹನ’ (2021, ರಾಜ್ ಬಿ. ಶೆಟ್ಟಿ) ಇದಕ್ಕಿಂತ ಪ್ರಾಮಾಣಿಕ. ಹರಿ, ಶಿವ ಎಂಬ ಇಬ್ಬರು ಗೆಳೆಯರು, ಒಬ್ಬ ಬೆಳೆಯುತ್ತ ಹೋದಂತೆ ಇನ್ನೊಬ್ಬನಿಗೆ ಹೆದರತೊಡಗುತ್ತಾನೆ. ಹೆದರಿದವನು ಗೆಳೆಯನನ್ನು ಬಿಟ್ಟುಕೊಡುತ್ತಾನೆ. ಹೆಂಗಸರು ಅದರಲ್ಲೂ ಲೆಕ್ಕಕ್ಕೆ ಸಿಗುವಷ್ಟಿಲ್ಲ, ಆದರೆ ನಿಷ್ಠೆಯ ಬುಡದಲ್ಲಿ ಭಯ ಕೂತಿದೆ ಎಂಬುದನ್ನು ಮುಚ್ಚಿಡಲಿಲ್ಲ.

ಹೆಣ್ಣು ನಿರ್ದೇಶಕಿಯ ಕೈಗೆ ಇಂಥ ಕಥೆ ಸಿಕ್ಕಿದರೆ? ಸುಮನಾ ಕಿತ್ತೂರು ಅವರು ಅಗ್ನಿ ಶ್ರೀಧರ್ ಅವರ ಕಾದಂಬರಿಯಿಂದ 2012ರಲ್ಲಿ ‘ಎದೆಗಾರಿಕೆ’ ಮಾಡಿದರು. ಮುಂಬೈಯ ಗ್ಯಾಂಗಿನ ಸೋನಾ ಎಂಬವನನ್ನು ಮಲೆನಾಡಿನ ತೋಟದಲ್ಲಿ ಇಟ್ಟು ಕೊಲ್ಲಬೇಕು. ಕೊಲ್ಲುವವರೇ ಅವನ ಜೊತೆ ಊಟ ಮಾಡುತ್ತಾರೆ, ಮಾತಾಡುತ್ತಾರೆ. ತನ್ನನ್ನು ಕೊಲ್ಲುತ್ತಾರೆಂದು ತಿಳಿದ ಮೇಲೂ ಅವನು ಓಡುವುದಿಲ್ಲ, ಬೇಡುವುದಿಲ್ಲ. ಕೊಲ್ಲಬೇಕಾದವರ ಕೈ ನಡುಗುತ್ತದೆ. ಮಳೆ, ಕಾಫಿ ತೋಟ, ಕಾಯುವಿಕೆ, ಇಷ್ಟರಲ್ಲೇ ಚಿತ್ರ ನಡೆಯುತ್ತದೆ. ಹೆಂಗಸು ಮಾಡಿದ ಚಿತ್ರವಾದ್ದರಿಂದ ಹೆಂಗಸರ ಪಾತ್ರ ಹೆಚ್ಚಿರುತ್ತದೆ ಎಂದುಕೊಂಡು ಹೋದವರಿಗೆ ನಿರಾಸೆ. ನನಗೆ ಆಗಲಿಲ್ಲ. ಗಂಡಸರು ತಮ್ಮ ತಮ್ಮಲ್ಲಿ ಹೇಳಿಕೊಳ್ಳುವ ‘ಕೆಲಸ’, ‘ಆರ್ಡರು’ ಎಂಬ ಮಾತುಗಳ ಒಳಗೆ ಏನೂ ಇಲ್ಲ ಎಂದು ತೋರಿಸಲು ಆಕೆ ಅವರನ್ನೇ ಸುಮ್ಮನೆ ಕೂರಿಸಿ ನೋಡಿದ್ದಾರೆ.

ನಮ್ಮ ಸೀಮೆಯಲ್ಲಿ ಕೂತು ಇಂಥದ್ದನ್ನೆಲ್ಲ ಬರೆಯುವಾಗ ವೀರಪ್ಪನ್ ಹೆಸರು ಬಿಟ್ಟರೆ ಅದು ಕಳ್ಳತನವಾದೀತು. ಅವನು ಹುಟ್ಟಿದ ಗೋಪಿನಾಥಂ ಆಗಿನ ಕೊಳ್ಳೇಗಾಲ ತಾಲ್ಲೂಕಿನದೇ. ಅವನ ಮೇಲೆ ಚಿತ್ರಗಳು ಬಂದಿವೆ. 1991ರಲ್ಲಿ ದೇವರಾಜ್ ಮಾಡಿದ್ದು, 2013ರಲ್ಲಿ ಕಿಶೋರ್ ಮಾಡಿದ ‘ಅಟ್ಟಹಾಸ’. ಎರಡರಲ್ಲೂ ನಟರು ಗಟ್ಟಿಗರು. ಎರಡರಲ್ಲೂ ಕಥೆ ಕಳ್ಳ ಮತ್ತು ಪೊಲೀಸರ ನಡುವಿನದು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆ, 1993ರ ಪಾಲಾರ್ ಸ್ಫೋಟ, 2000ದಲ್ಲಿ ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿಟ್ಟದ್ದು, 2002ರಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಮಂತ್ರಿ ಎಚ್. ನಾಗಪ್ಪನವರನ್ನು ಎತ್ತಿಕೊಂಡು ಹೋದದ್ದು, ಅವರು ಹೆಣವಾಗಿ ಸಿಕ್ಕದ್ದು, 2004ರ ಅಕ್ಟೋಬರಿನಲ್ಲಿ ಅವನೇ ಸತ್ತದ್ದು. ನಾವು ಇದನ್ನೆಲ್ಲ ಟಾಕೀಸಿನಲ್ಲಿ ನೋಡಿ ತಿಳಿದವರಲ್ಲ. ಕತ್ತಲಾಗುವ ಮುಂಚೆ ಬೆಟ್ಟದ ಕಡೆಯ ಬಸ್ಸು ಬಂತೇ ಎಂದು ಕಾದವರು.

ಚಿತ್ರಗಳಲ್ಲಿ ಇಲ್ಲದ್ದು ಕಾಡಂಚಿನ ಹಳ್ಳಿಗಳ ಅಡುಗೆಮನೆ. ರಾತ್ರಿ ಬಂದೂಕು ಹಿಡಿದವರು ಬಂದು ಅಕ್ಕಿ ಕೇಳಿದರೆ ಕೊಡಬೇಕು. ಕೊಟ್ಟರೆ ಬೆಳಿಗ್ಗೆ ಬೇರೆ ಬಂದೂಕಿನವರು ಬಂದು, ಅಕ್ಕಿ ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. ಹಳಗನ್ನಡದ ಜೋಳವಾಳಿಯಲ್ಲಿ ಜೋಳ ಪಡೆದವನು ನಿಷ್ಠೆ ಕೊಡಬೇಕು. ಇಲ್ಲಿ ಅಕ್ಕಿ ಕೊಟ್ಟವಳೇ ನಿಷ್ಠೆಯ ಪರೀಕ್ಷೆಗೆ ನಿಲ್ಲಬೇಕು, ಅದೂ ಎರಡು ಕಡೆಯವರ ಮುಂದೆ. ಟಾಡಾ ಕಾಯ್ದೆಯಲ್ಲಿ ಹಿಡಿದು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಇಟ್ಟವರಲ್ಲಿ ಹೆಂಗಸರೂ ಇದ್ದರು. ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಹಿಂಸೆಯ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಿತು, 2007ರಲ್ಲಿ ಕೆಲವರಿಗೆ ಪರಿಹಾರದ ಆದೇಶವೂ ಆಯಿತು. ಸಮಿತಿಯ ಮುಂದೆ ಹೋಗಿ ಹೇಳಿಕೆ ಕೊಟ್ಟ ಹೆಂಗಸರ ಎದೆಗಾರಿಕೆಯ ಮೇಲೆ ಯಾರಾದರೂ ಒಂದು ಚಿತ್ರ ಮಾಡಿದರೆ ನಾನು ಟಿಕೆಟ್ಟಿಗೆ ಸಾಲಿನಲ್ಲಿ ನಿಲ್ಲುತ್ತೇನೆ.

‘ಗಾಡ್‌ಫಾದರ್’ನಲ್ಲಿ ಮದುವಣಗಿತ್ತಿಯಾಗಿ ಬರುವ ಕಾನಿಯನ್ನು ನೆನೆಸಿಕೊಳ್ಳಿ. ಅವಳ ಮದುವೆಯ ದಿನವೇ ಅಪ್ಪನ ದರ್ಬಾರು. ಗಂಡ ಅವಳನ್ನು ಬಡಿಯುವುದು ಅವಳ ಅಣ್ಣನನ್ನು ಮನೆಯಿಂದ ಹೊರಗೆ ಎಳೆದು ಕೊಲ್ಲಿಸಲು ಹೂಡಿದ ಹಂಚಿಕೆ. ಕೊನೆಗೆ ಇನ್ನೊಬ್ಬ ಅಣ್ಣ ಆ ಗಂಡನನ್ನು ಕೊಲ್ಲಿಸುತ್ತಾನೆ. ಮನೆತನಗಳ ಇಡೀ ಯುದ್ಧ ಅವಳ ಮೈಮೇಲೆ, ಅವಳ ತಾಳಿಯ ಮೇಲೆ ನಡೆಯುತ್ತದೆ, ಆದರೆ ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳು ಕಿರುಚಿ ನಿಜ ಹೇಳಿದಾಗ ಹುಚ್ಚು ಹಿಡಿದಿದೆ ಎಂಬಂತೆ ಸಮಾಧಾನ ಮಾಡುತ್ತಾರೆ. ಮೈಕೇಲನ ಹೆಂಡತಿ ಕೇ ಓದಿದವಳು, ನನ್ನ ಹಾಗೆಯೇ ಮೇಷ್ಟ್ರ ಕೆಲಸ ಮಾಡಿದವಳು. ಅವಳು ಗಂಡನನ್ನು ನೇರವಾಗಿ ಕೇಳುತ್ತಾಳೆ, ನೀನು ಕೊಲ್ಲಿಸಿದೆಯಾ ಎಂದು. ಇಲ್ಲ ಎನ್ನುತ್ತಾನೆ. 1972ರ ಸಿನಿಮಾದಲ್ಲಿ ಅವಳ ಮುಖದ ಮುಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಾದಂಬರಿಯಲ್ಲಿ ಇನ್ನೂ ಕಹಿಯಾಗಿದೆ: ಎಲ್ಲ ತಿಳಿದ ಮೇಲೂ ಅವಳು ಮನೆಗೆ ಮರಳಿ, ಗಂಡನ ಮತಕ್ಕೆ ಸೇರಿ, ಅತ್ತೆಯ ಜೊತೆ ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗಿ ಅವನ ಆತ್ಮಕ್ಕಾಗಿ ಪ್ರಾರ್ಥಿಸುತ್ತಾಳೆ. ಪೂಜೊ ಇದನ್ನು ಕಹಿಯೆಂದು ಬರೆದನೋ, ಸುಖಾಂತವೆಂದು ಬರೆದನೋ ಎಂದು ಎರಡು ಸಲ ಓದಿದರೂ ನಿರ್ಧರಿಸಲಾಗಲಿಲ್ಲ. ಆದರೆ ಆ ಪುಟ ಓದಿ ಮುಗಿಸಿದಾಗ ನನ್ನ ತಲೆಯಲ್ಲಿ ಬಂದು ಕೂತವಳು ಸಂಕಮ್ಮ.

ನಮ್ಮ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂದೇ ಒಂದು ಭಾಗವಿದೆ. ಪಿ. ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ್ದರಿಂದ ಓದಲೂ ಸಿಗುತ್ತದೆ, ಆದರೆ ಕೇಳಬೇಕು. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ, ಬಹಳ ದಿನ ಬರುವುದಿಲ್ಲ. ಹೊರಡುವ ಮುಂಚೆ ಹೆಂಡತಿ ಬಲಗೈ ಭಾಷೆ ಕೊಡಬೇಕೆನ್ನುತ್ತಾನೆ, ತಾನಿಲ್ಲದಾಗ ನಡತೆ ಕೆಡುವುದಿಲ್ಲವೆಂದು. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಅಲ್ಲ. ಮಾಡದವಳು ಯಾಕೆ ಆಣೆ ಇಡಬೇಕು? ಅವನು ಬಡಿಯುತ್ತಾನೆ, ಹಿಂಸಿಸುತ್ತಾನೆ. ಆದರೂ ಕೈ ಮುಂದೆ ಬರುವುದಿಲ್ಲ. ಆ ಕಾವ್ಯದ ಮಾದಪ್ಪ ಭಾಷೆ ಕೇಳಿದ ಗಂಡನ ಕಡೆ ನಿಲ್ಲದೆ, ಭಾಷೆ ಕೊಡದ ಹೆಂಗಸಿನ ಕಡೆ ನಿಲ್ಲುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಅವಳಿಗೆ ಕರುಣಿಸುತ್ತಾನೆ.

ಕಾರ್ಲಿಯೋನೆ ಕೇಳುವುದೂ ಬಲಗೈ ಭಾಷೆಯನ್ನೇ, ಅಣ್ಣಂದಿರು ಕೇಳುವುದೂ ಅದನ್ನೇ, ರಾಕಿಯ ತಾಯಿ ತೆಗೆದುಕೊಳ್ಳುವುದೂ ಅದೇ. ಈ ಕಥೆಗಳಲ್ಲಿ ಭಾಷೆ ಕೊಟ್ಟು ಮುರಿದವರಿದ್ದಾರೆ. ಅವರು ದ್ರೋಹಿಗಳು, ಸಾಯುತ್ತಾರೆ. ಕೊಟ್ಟು ಉಳಿಸಿಕೊಂಡವರಿದ್ದಾರೆ. ಅವರು ವೀರರು, ಅವರೂ ಸಾಯುತ್ತಾರೆ. ಕೊಡುವುದೇ ಇಲ್ಲ ಎಂದವರು ನಾನು ಓದಿದ ಯಾವ ಡಾನ್ ಕಥೆಯಲ್ಲೂ ಸಿಗಲಿಲ್ಲ, ಬೆಟ್ಟದ ಈ ಹಾಡಿನಲ್ಲಿ ಮಾತ್ರ ಸಿಕ್ಕಿದಳು.

ಶಿವರಾತ್ರಿಗೆ ಬೆಟ್ಟಕ್ಕೆ ಹೋಗುವ ಪರಸೆಯವರು ನಮ್ಮ ಬೀದಿಯಲ್ಲಿ ಇಳಿದುಕೊಂಡ ರಾತ್ರಿಗಳಲ್ಲಿ ಈ ಸಾಲನ್ನು ಕೇಳಿದ್ದೇನೆ. ನೀಲೇಗೌಡ ಬಡಿಯುವ ಕಡೆ ಬಂದಾಗ ಮುಂದೆ ಕೂತ ಹೆಂಗಸರ ಎಲೆಅಡಿಕೆ ಚೀಲ ಹಾಗೇ ಮಡಿಲಲ್ಲಿ ನಿಲ್ಲುತ್ತದೆ. ಹೋದ ಸಲ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಹಾಡುವವರು ಆ ಭಾಗವನ್ನು ಸ್ವಲ್ಪ ಬೇಗ ಮುಗಿಸಿ ಮುಂದಕ್ಕೆ ಹೋಗಲು ನೋಡಿದಾಗ ಆಕೆ ಗದರಿದರು, “ಅದ್ಯಾಕಪ್ಪ ಓಡ್ತೀಯಾ? ಅವ್ಳು ಕೊಡಕ್ಕಿಲ್ಲ ಅಂದುದ್ದ ಇನ್ನೊಂದ್ಸಲ ಯೋಳು.” ಗುಡ್ಡಪ್ಪ ನಕ್ಕು, ಕಂಸಾಳೆಯನ್ನು ಒಮ್ಮೆ ತಟ್ಟಿ, ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಂದಲೇ ಎತ್ತಿಕೊಂಡ.